ಮುದಿ ಜೀಬ್ರಾ ಮೀನಿಗೆ ಕಿವಿ ಮಂದ ಆಗುತ್ತಾ? ವಯಸ್ಸು, ಗಾತ್ರ, ಸದ್ದು ಬೇರ್ಪಡಿಸಿ ನೋಡುವ ಬಗೆ

ಹಗರಿ_ದಂಡೆ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಪ್ರಾಣಿಶಾಸ್ತ್ರ ಎಂ.ಎಸ್ಸಿ. ಪ್ರಾಜೆಕ್ಟಿಗೆ ಜೀಬ್ರಾ ಮೀನಿನ ಶ್ರವಣ ಆಯ್ದುಕೊಂಡಿದ್ದೇನೆ. 6, 18 ಮತ್ತು 30 ತಿಂಗಳ ಮೂರು ಗುಂಪು. ತೊಟ್ಟಿಯ ಗಾಜಿಗೆ ಸ್ಪೀಕರ್ ಅಂಟಿಸಿ ಸದ್ದು ಕೊಟ್ಟು, ಮೀನು ಬೆಚ್ಚುತ್ತದೋ ಇಲ್ಲವೋ ಎಂದು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿಯುವುದು ಸದ್ಯದ ಯೋಜನೆ.

ಮೂರು ಪ್ರಶ್ನೆ. ವಯಸ್ಸಾದವರಿಗೆ ಮೊದಲು ತೀಕ್ಷ್ಣ ದನಿ ಕೇಳದಂತಾಗುತ್ತದಲ್ಲ, ಮೀನಿನಲ್ಲೂ ಹಾಗೇನಾ? ಬೆಚ್ಚುವುದನ್ನು ಎಣಿಸಿದರೆ ಸಾಕಾ? ಏಪ್ರಿಲ್, ಮೇ ಬಳ್ಳಾರಿ ಬಿಸಿಲಲ್ಲಿ ಈ ಕೆಲಸ ಮಾಡಬಹುದಾ, ಇಲ್ಲ ಮಳೆಗಾಲಕ್ಕೆ ಕಾಯಬೇಕಾ?

ರೋಮಕೋಶ (ಬಳ್ಳಾರಿ)

ಮೊದಲ ಪ್ರಶ್ನೆಯಿಂದ ಶುರು ಮಾಡೋಣ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಮನುಷ್ಯರ ಲೆಕ್ಕ ಮೀನಿಗೆ ನೇರವಾಗಿ ಕೂಡುವುದಿಲ್ಲ. ನಮ್ಮ ಒಂದೊಂದು ಕಿವಿಯ ಕಾಕ್ಲಿಯಾದಲ್ಲಿ, ಅಂದರೆ ಒಳಗಿವಿಯ ಸುರುಳಿಯಲ್ಲಿ, ಸದ್ದು ಹಿಡಿಯುವ ಸುಮಾರು 15,000 ರೋಮಕೋಶಗಳು. ಹುಟ್ಟುವಾಗ ಬಂದದ್ದೇ ಬಂದದ್ದು, ಸತ್ತದ್ದು ಮರಳಿ ಹುಟ್ಟುವುದಿಲ್ಲ. ತೀಕ್ಷ್ಣ ದನಿಯನ್ನು ಹಿಡಿಯುವ ಕೋಶಗಳು ಕಾಕ್ಲಿಯಾದ ಬುಡದಲ್ಲಿವೆ, ಅವೇ ಮೊದಲು ಸವೆಯುತ್ತವೆ. ಮೀನಿಗೆ ಕಾಕ್ಲಿಯಾ ಇಲ್ಲ, ಹೊರಕಿವಿ ನಡುಕಿವಿಯೂ ಇಲ್ಲ. ಒಳಗಿವಿಯಲ್ಲಿ ಮೂರು ಅರ್ಧವೃತ್ತ ನಾಳಗಳು, ಜೊತೆಗೆ ಯೂಟ್ರಿಕಲ್, ಸ್ಯಾಕ್ಯೂಲ್, ಲಜೀನಾ ಎಂಬ ಮೂರು ಚೀಲಗಳು. ಒಂದೊಂದು ಚೀಲದಲ್ಲಿ ಒಂದು ಸುಣ್ಣದ ಕಲ್ಲು, ಅದೇ ಓಟೋಲಿತ್. ಸದ್ದು ಬಂದಾಗ ಮೀನಿನ ಮೈ ನೀರಿನ ಜೊತೆ ಅಲುಗುತ್ತದೆ, ಭಾರವಾದ ಕಲ್ಲು ತುಸು ಹಿಂದೆ ಬೀಳುತ್ತದೆ. ಆ ಅಂತರಕ್ಕೆ ರೋಮಗಳು ಬಾಗುತ್ತವೆ. ಬೆಳೆದ ಜೀಬ್ರಾ ಮೀನಿನಲ್ಲಿ ಕೇಳುವ ಕೆಲಸ ಹೆಚ್ಚಾಗಿ ಸ್ಯಾಕ್ಯೂಲಿನದು.

ಇದರ ಮೇಲೆ ಜೀಬ್ರಾ ಮೀನು ಸೇರಿದ ಗೆಂಡೆ ಜಾತಿಗೆ ಇನ್ನೊಂದು ಸೌಲಭ್ಯವಿದೆ. ಗಾಳಿಚೀಲದಿಂದ ಒಳಗಿವಿಯವರೆಗೆ ಪುಟ್ಟ ಎಲುಬುಗಳ ಸರಪಳಿ. 1820ರಲ್ಲಿ ವೇಬರ್ ವಿವರಿಸಿದ್ದರಿಂದ ವೇಬರ್ ಎಲುಬುಗಳೆಂದೇ ಹೆಸರು. ಸದ್ದಿನ ಒತ್ತಡಕ್ಕೆ ಗಾಳಿಚೀಲ ಮಿಡಿದರೆ ಎಲುಬುಗಳು ಆ ಮಿಡಿತವನ್ನು ಕಿವಿಗೆ ಒಯ್ಯುತ್ತವೆ. ಜೀಬ್ರಾ ಮೀನು 4000 ಹರ್ಟ್ಜ್‌ವರೆಗೆ ಕೇಳುವುದು ಇದರಿಂದ. ಚೆನ್ನಾಗಿ ಕೇಳುವುದು 800 ಹರ್ಟ್ಜ್ ಆಸುಪಾಸಿನಲ್ಲಿ.

ಈಗ ವಯಸ್ಸಿಗೆ ಬರೋಣ. ಹಿಗ್ಸ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದಂತೆ, ಸುಮಾರು 10 ಮಿ.ಮೀ. ಉದ್ದದ ಮರಿ 200 ಹರ್ಟ್ಜ್‌ವರೆಗೆ ಮಾತ್ರ ಕೇಳುತ್ತದೆ, 45 ಮಿ.ಮೀ. ಮೀನು 4000ದವರೆಗೆ. ಎಲುಬುಗಳ ಸರಪಳಿ ಕೂಡಿಕೊಳ್ಳುತ್ತ ಹೋದಂತೆ ಕೇಳುವ ಹರವು ಮೇಲಕ್ಕೆ ಏರುತ್ತದೆ. ಅಂದರೆ ಮೀನಿನ ಬಾಳಿನ ಮೊದಲ ಭಾಗದಲ್ಲಿ ಬೆಳೆದಂತೆ ತೀಕ್ಷ್ಣ ದನಿ ಹೆಚ್ಚು ಕೇಳಿಸತೊಡಗುತ್ತದೆ, ನಮಗೆ ತಿರುಗುಮುರುಗು. ಅದೇ ತಂಡ 2002ರಲ್ಲಿ ಬೆಳೆದ ಮೀನುಗಳನ್ನು ನೋಡಿದಾಗ, ಮೀನು ದೊಡ್ಡದಾದಂತೆ ಸ್ಯಾಕ್ಯೂಲಿಗೆ ಹೊಸ ರೋಮಕೋಶಗಳು ಸೇರಿದ್ದವು. ಆದರೆ ಕೇಳಿಸುವ ಕನಿಷ್ಠ ಮಟ್ಟ ಮೇಲೂ ಹೋಗಿರಲಿಲ್ಲ, ಕೆಳಗೂ ಬಂದಿರಲಿಲ್ಲ. ಆದ್ದರಿಂದ ‘ಮುದಿ ಮೀನು ಕಿವುಡು’ ಎಂಬ ಉತ್ತರ ಇಟ್ಟುಕೊಂಡು ಪ್ರಯೋಗಕ್ಕೆ ಇಳಿಯಬೇಡಿ.

ಕುಷ್ಟಗಿ_ಕೆರೆ (ಕೊಪ್ಪಳ)

ಹಂಗಾದ್ರ ಮೀನಿಗೆ ಕಿವುಡು ಅನ್ನೋದ ಇಲ್ಲ ಅಂದಂಗಾತಲ್ರಿ ಮೇಡಂ? ಸತ್ತ ಕೋಶ ಮತ್ತ ಹುಟ್ಟತಾವು, ಹೊಸಾವು ಬ್ಯಾರೆ ಸೇರತಾವು.

ರೋಮಕೋಶ (ಬಳ್ಳಾರಿ)

ಹಾಗಲ್ಲ. ಮೀನು ಕಿವುಡಾಗುತ್ತದೆ, ಚೇತರಿಸಿಕೊಳ್ಳುತ್ತದೆ. ಗೋಲ್ಡ್ ಫಿಶ್‌ಗೆ 170 ಡೆಸಿಬೆಲ್ ಸದ್ದನ್ನು 48 ತಾಸು ಕೇಳಿಸಿದ ಪ್ರಯೋಗ 2006ರಲ್ಲಿ ಬಂತು. ರೋಮಗಳು ಉದುರಿದವು, ಕಿವಿ ಮಂದವಾಯಿತು. ಏಳೆಂಟು ದಿನದಲ್ಲಿ ಶ್ರವಣ ಬಹುಮಟ್ಟಿಗೆ ಮರಳಿತು. ಜೀಬ್ರಾ ಮೀನಿನ ಸ್ಯಾಕ್ಯೂಲ್ ಚೇತರಿಸಿಕೊಳ್ಳಲು ಒಂದರಿಂದ ಎರಡು ವಾರ.

ಆದರೆ ಕೋಶದ ಎಣಿಕೆ ಸರಿ ಇದ್ದ ಮಾತ್ರಕ್ಕೆ ಶ್ರವಣ ಸರಿ ಇದೆ ಎನ್ನಲಾಗದು. ಕೋಶ ಹಿಡಿದದ್ದನ್ನು ನರಕ್ಕೆ ದಾಟಿಸುವ ಬೆಸುಗೆ, ನರ, ಮಿದುಳುಬುಡ, ಅತ್ತ ಗಾಳಿಚೀಲ, ಎಲುಬು, ಕಲ್ಲು, ಇಷ್ಟೂ ಒಂದೇ ಸಾಲಿನಲ್ಲಿವೆ. ಇಲಿಗಳಲ್ಲಿ ರೋಮಕೋಶ ಉಳಿದೂ ಬೆಸುಗೆ ಮಾತ್ರ ಕಳಚುವುದನ್ನು ಕುಜಾವಾ ಮತ್ತು ಲಿಬರ್ಮನ್ 2009ರಲ್ಲಿ ತೋರಿಸಿದರು. ಮುದಿ ಮೀನಿನಲ್ಲಿ ಈ ಸಾಲಿನ ಯಾವ ಕೊಂಡಿ ಸಡಿಲಾಗಿದೆ ಎಂದು ಕೇಳಿ. ಒಳ್ಳೆಯ ಪ್ರಾಜೆಕ್ಟ್ ಅಲ್ಲಿದೆ.

ಶಬ್ದಮಾಪಕ (ರಾಯಚೂರು)

ತಂಗಿ, ಬೆಚ್ಚೋದನ್ನ ಎಣಿಸಿದ್ರ ಸಾಲಲ್ಲ. ಕಾರಣ ಹೇಳ್ತೀನಿ.

ಮೀನು ಬೆಚ್ಚಿ ಇಂಗ್ಲಿಷ್ ಸಿ ಅಕ್ಷರದ ಆಕಾರಕ್ಕ ಮೈ ಬಾಗಿಸೋದು ಮೌತ್ನರ್ ಎಂಬ ಒಂದು ಜೋಡಿ ದೊಡ್ಡ ನರಕೋಶದಿಂದ. ಸದ್ದು ಬಿದ್ದ ಹತ್ತು ಮಿಲಿಸೆಕೆಂಡು ಆಸುಪಾಸಿನೊಳಗ ಅದು ಆಗಿಹೋಗ್ತದ. ಮೊಬೈಲ್ ಸ್ಲೋ ಮೋಷನ್ 240 ಫ್ರೇಮ್ ಅಂದ್ರ ಒಂದು ಫ್ರೇಮಿಗೆ 4 ಮಿಲಿಸೆಕೆಂಡಿಗಿಂತ ಹೆಚ್ಚು. ತಟ್ಟನೆ ಬೆಚ್ಚಿದ್ದು ಯಾವುದು, ತಡವಾಗಿ ತಿರುಗಿದ್ದು ಯಾವುದು ಅಂತ ಅದರಾಗ ಗೊತ್ತಾಗಲ್ಲ. 1000 ಫ್ರೇಮ್ ಬೇಕು, 500ಕ್ಕ ಕಮ್ಮಿ ಅಂತೂ ಬ್ಯಾಡ.

ಕ್ಯಾಮೆರಾ ಸಿಕ್ಕರೂ ಮೂಲ ತೊಡಕು ಹಂಗೇ ಉಳೀತದ. ಮುದಿ ಮೀನು ಬೆಚ್ಚಲಿಲ್ಲ ಅಂದ್ರ ಕಿವಿ ಮಂದ ಇರಬಹುದು, ಸ್ನಾಯು ಸೋತಿರಬಹುದು, ಬೆನ್ನುಮೂಳೆ ಬಾಗಿರಬಹುದು, ಇಲ್ಲ ಅದೇ ಸದ್ದಿಗೆ ಒಗ್ಗಿಹೋಗಿರಬಹುದು. ಇನ್ನೊಂದು, ಮೀನು ಬೆಚ್ಚೋ ಸದ್ದು ಅದಕ್ಕ ಕೇಳಿಸೋ ಕನಿಷ್ಠ ಸದ್ದಿಗಿಂತ ಬಹಳ ಜೋರು. ಎರಡರ ನಡುವಿನ ವ್ಯತ್ಯಾಸ ಈ ವಿಧಾನಕ್ಕ ಕಾಣಿಸೋದೇ ಇಲ್ಲ. ಮರಿಗಳಾದ್ರ ಒಂದು ಉಪಾಯ ಅದ: ಜೋರು ಸದ್ದಿನ ಮೊದಲು ಒಂದು ಮೆಲ್ಲನೆ ಸದ್ದು ಕೊಡೋದು. ಅದು ಕೇಳಿಸಿದ್ರ ಮರಿ ಕಮ್ಮಿ ಬೆಚ್ಚುತದ. 5 ದಿನದ ಮರಿಗಳ ಮೇಲೆ 2013ರಾಗ ಹಿಂಗ ಅಳೆದಾರ.

ಬೆಳೆದ ಮೀನಿಗೆ ಎ.ಇ.ಪಿ. ಮಾಡ್ರಿ. ಆಸ್ಪತ್ರೆಯೊಳಗ ಕೂಸುಗಳಿಗೆ ಮಾಡ್ತಾರಲ್ಲ ಬೇರಾ ಪರೀಕ್ಷೆ, ಅದರ ಮೀನಿನ ರೂಪ. ಸದ್ದಿಗೆ ಮಿದುಳುಬುಡದಾಗ ಏಳೋ ವಿದ್ಯುತ್ ಅಲೆಯನ್ನ ಚರ್ಮದ ಕೆಳಗಿನ ಸಣ್ಣ ಸೂಜಿಯಿಂದ ಹಿಡಿಯೋದು. ಸ್ನಾಯುವಿನ ಹಂಗಿಲ್ಲ. ಕೆಲಸದ ಕ್ರಮ ಹಿಂಗದ:

ಮೀನಿಗೆ ಅರಿವಳಿಕೆ, ಅಲುಗದಂತೆ ಸ್ನಾಯು ಸಡಿಲಿಸೋ ಮದ್ದು, ಬಾಯಿಗೆ ಸಣ್ಣ ನಳಿಗೆ ಇಟ್ಟು ಕಿವಿರಿಗೆ ಸತತ ನೀರು. ಸ್ನಾಯು ಸಡಿಲಿಸೋ ಮದ್ದಿಗೆ ನೋವು ತಡಿಯೋ ಗುಣ ಇಲ್ಲ. ಅದೊಂದನ್ನೇ ಕೊಟ್ಟು ಸೂಜಿ ಚುಚ್ಚಬಾರದು. ಮೀನನ್ನ ತೆಳು ಬಲೆಬಟ್ಟೆಯೊಳಗ ಸುತ್ತಿ ನೆತ್ತಿ ನೀರಿನ ಮಟ್ಟಕ್ಕ ಬರೋ ಹಂಗ ಹಿಡೀರಿ. ಒಂದು ಸೂಜಿ ಮಿದುಳುಬುಡದ ಮೇಲೆ ನಡುಗೆರೆಯೊಳಗ, ಇನ್ನೊಂದು ಮೂಗಿನ ಹೊಳ್ಳೆಗಳ ನಡುವೆ, ನೆಲತಂತಿ ಮೈ ಹತ್ತಿರ ನೀರಿನೊಳಗ. ಸೂಜಿಗೆ ನೈಲ್ ಪಾಲಿಶ್ ಎರಡು ಪದರ ಹಚ್ಚಿ ತುದಿಯ 1 ಮಿ.ಮೀ. ಮಾತ್ರ ಬಿಡ್ರಿ. ಇಲ್ಲಂದ್ರ ಸಂಕೇತ ನೀರಿಗೆ ಸೋರ್ತದ.

ಒಂದೊಂದು ಕಂಪನಾಂಕಕ್ಕ ಚಿಕ್ಕ ಸದ್ದಿನ ತುಣುಕು, ಏರು ಇಳಿವು 2 ಮಿಲಿಸೆಕೆಂಡು. ಸಾವಿರ ಸಲ ನೇರ, ಸಾವಿರ ಸಲ ತಿರುವಿದ ಅಲೆ, ಎರಡರ ಸರಾಸರಿ. ಆಮೇಲೆ 5 ಡೆಸಿಬೆಲ್ ಇಳಿಸುತ್ತ ಹೋಗ್ರಿ. ಒಂದೇ ಮಟ್ಟದ ಎರಡು ದಾಖಲೆ ಒಂದರ ಮೇಲೊಂದು ಕೂಡಿದ್ರ ಕೇಳಿಸಿತು ಅಂತ. ಅಲೆ ಮಾಯ ಆದ ಮೇಲೂ 10 ಡೆಸಿಬೆಲ್ ಕೆಳಗ ಹೋಗಿ ಖಾತ್ರಿ ಮಾಡ್ಕೋರಿ.

ಮುನಿರಾಬಾದ್_ನೀರು (ಕೊಪ್ಪಳ)

ಮಾಪನದ ಮಾತು ಶಬ್ದಮಾಪಕ ಸರ್ ಹೇಳ್ಯಾರ. ಸಾಕೋದರ ಮಾತು ನಾ ಹೇಳ್ತೀನಿ, ಯಾಕಂದ್ರ ಈ ಪ್ರಯೋಗ ಕೆಡೋದು ಬಹಳ ಸಲ ತೊಟ್ಟಿಯೊಳಗ.

30 ತಿಂಗಳ ಮೀನು ಅಂದ್ರ ಎರಡೂವರೆ ವರ್ಷ ಪಂಪಿನ ಪಕ್ಕ ಬಾಳಿದ ಮೀನು. ನೀರು ತಿರುಗಿಸೋ ಸಾಕಣೆ ತೊಟ್ಟಿಗಳೊಳಗ 125ರಿಂದ 150 ಡೆಸಿಬೆಲ್ ಸದ್ದು ಅಳೆದಾರ. 2020ರೊಳಗ ಬಂದ ಅಧ್ಯಯನದಾಗ ಜೀಬ್ರಾ ಮೀನಿಗೆ 24 ತಾಸು 140, 150 ಡೆಸಿಬೆಲ್ ಕೇಳಿಸಿದ್ರ ಕಿವಿ ಮಂದ ಆಗಿತ್ತು. ಈ ಎರಡೂ ಅಂಕಿ ಒಂದರ ಪಕ್ಕ ಒಂದು ಇಟ್ಟು ನೋಡ್ರಿ. ನೀವು ಅಳೆಯೋದು ಮೀನಿನ ವಯಸ್ಸೋ, ಪಂಪಿನ ವಯಸ್ಸೋ?

ಹಿಂಗ ಮಾಡ್ರಿ. ಏರ್ ಪಂಪ್ ರ‍್ಯಾಕಿನ ಮ್ಯಾಲೆ ಇಡಬ್ಯಾಡ್ರಿ, ಗೋಡೆಗೆ ಬೇರೆ ಮೊಳೆ ಹೊಡೆದು ದಪ್ಪ ರಬ್ಬರಿನ ಮ್ಯಾಲೆ ಇಡ್ರಿ. ನೀರಿನ ಮಟ್ಟಕ್ಕಿಂತ ಎತ್ತರ ಇರಲಿ, ಇಲ್ಲಂದ್ರ ಕರೆಂಟ್ ಹೋದಾಗ ನೀರು ಪೈಪಿನೊಳಗ ಹಿಂದ ಎಳೆದು ಪಂಪಿಗೆ ಬರತೈತಿ. ಪೈಪು ಬಿಗಿ ಎಳೀಬ್ಯಾಡ್ರಿ, ಒಂದು ಸುತ್ತು ಸಡಿಲ ಬಿಡ್ರಿ, ನಡುಕ ಅಲ್ಲೇ ಸಾಯತೈತಿ. ನೀರು ಎತ್ತರದಿಂದ ಬೀಳಬಾರದು, ಪೈಪಿನ ಬಾಯಿ ನೀರಿನೊಳಗ ಮುಳುಗಿರಲಿ. ಮೂರೂ ವಯಸ್ಸಿನ ಮೀನನ್ನ ಮಾಪನಕ್ಕ ಮೊದಲು ಒಂದೇ ಕೋಣೆಯೊಳಗ ಕನಿಷ್ಠ ನಾಲ್ಕು ವಾರ ಇಡ್ರಿ. ಹಳೇ ಸದ್ದಿನ ತಾತ್ಕಾಲಿಕ ಮಂದ ಎರಡು ವಾರದೊಳಗ ಇಳಿಯತೈತಿ, ಉಳಿದ ಎರಡು ವಾರ ಹೊಂದಿಕೊಳ್ಳೋಕೆ.

ನೀರು: ನಮ್ಮ ಕಡೆ ಬೋರಿನ ನೀರು ಗಡಸು, ಎಷ್ಟೋ ಊರಾಗ ಫ್ಲೋರೈಡ್ ಬ್ಯಾರೆ. ಹಂಗೇ ಬಳಸಬ್ಯಾಡ್ರಿ. ಆರ್.ಓ. ನೀರಿಗೆ ಸಮುದ್ರ ಉಪ್ಪಿನ ಪುಡಿ ಬೆರೆಸಿ ವಾಹಕತೆ 500ರಿಂದ 1000 ಮೈಕ್ರೊಸೀಮೆನ್ಸ್‌ಗೆ ತರ್ರಿ, ಅಡುಗೆ ಸೋಡಾದಿಂದ ಪಿಎಚ್ 7ರಿಂದ 7.5. ಉಷ್ಣತೆ 28.5 ಡಿಗ್ರಿ, ಬೆಳಕು 14 ತಾಸು, ಕತ್ತಲು 10 ತಾಸು. ಲೀಟರಿಗೆ ಐದಕ್ಕಿಂತ ಹೆಚ್ಚು ಮೀನು ಬ್ಯಾಡ. ಬ್ಯಾಸಿಗಿಯೊಳಗ ಆವಿಯಾಗಿ ಇಳಿದ ನೀರನ್ನ ಬರೇ ಆರ್.ಓ. ನೀರಿನಿಂದ ತುಂಬ್ರಿ, ಉಪ್ಪು ಬೆರೆಸಿದ್ದು ಹಾಕಿದ್ರ ವಾಹಕತೆ ಏರಿಕೋತ ಹೋಗತೈತಿ.

ಮೂರನೇ ಪ್ರಶ್ನೆ. ಮೇ ತಿಂಗಳಾಗ ಹೊರಗ 40 ದಾಟಿರತೈತಿ. ಮೀನು ತಣ್ಣನೆ ರಕ್ತದ ಪ್ರಾಣಿ, ಕಿವಿಯೂ ನೀರಿನ ಶಾಖದಂಗ ನಡಿಯತೈತಿ. ಬೆಕ್ಕುಮೀನುಗಳ ಮ್ಯಾಲೆ 2011ರೊಳಗ ಅಳೆದಾಗ, ನೀರು ಬೆಚ್ಚಗಾದಷ್ಟು ಎತ್ತರದ ಕಂಪನಾಂಕ ಚೊಲೋ ಕೇಳಿತ್ತು. ನೀವು ಎಳೆ ಮೀನನ್ನ ಮಾರ್ಚಿನಾಗ, ಮುದಿ ಮೀನನ್ನ ಮೇ ತಿಂಗಳಾಗ ಅಳೆದ್ರ ಬರೋ ವ್ಯತ್ಯಾಸ ಬಿಸಿಲಿಂದು. ಒಂದೇ ದಿನ ಮೂರೂ ಗುಂಪಿನಿಂದ ಒಂದೊಂದು ಮೀನು ತಗೋರಿ. ಅಳೆಯೋ ತೊಟ್ಟಿ ನೀರು 28.5ರಿಂದ ಅರ್ಧ ಡಿಗ್ರಿ ಆಚೀಚೆ ಆದ್ರ ಅವತ್ತು ನಿಲ್ಲಿಸ್ರಿ. ಮಳೆಗಾಲಕ್ಕ ಕಾಯೋದು ಬ್ಯಾಡ, ಆದರ ಏಸಿ ಬೇಕೇ ಬೇಕು. ಕೂಲರ್ ಬ್ಯಾಡ, ಅದರ ಸದ್ದು, ನಡುಕ ಎರಡೂ ಕೆಡಕು.

ಹಗರಿ_ದಂಡೆ (ಬಳ್ಳಾರಿ)

ಮಾಪನದ ಕೋಣೆ ನೆಲಮಹಡಿಯಲ್ಲಿದೆ, ಹಿಂದಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಓಡಾಡುತ್ತವೆ. ನಡುಕ ತಡೆಯುವ ಮೇಜಿಗೆ ದುಡ್ಡಿಲ್ಲ. ಹೈಡ್ರೋಫೋನ್ (ನೀರೊಳಗಿನ ಮೈಕ್) ಒಂದನ್ನು ಎರವಲು ತರಬಹುದು. 100 ಹರ್ಟ್ಜ್‌ನಿಂದ ಶುರು ಮಾಡಬೇಕೆಂದಿದ್ದೇನೆ. ಇಷ್ಟರಲ್ಲಿ ನಡೆಯುತ್ತದಾ ಸರ್?

ಶಬ್ದಮಾಪಕ (ರಾಯಚೂರು)

ನಡೀತದ. ಮೇಜಿಗೆ ನಮ್ಮ ಕಡೆ ಅಗ್ಗದ ದಾರಿ ಅದ. ನಾಲ್ಕು ಸ್ಕೂಟರ್ ಟ್ಯೂಬು ಅರ್ಧ ಗಾಳಿ ತುಂಬಿ ಇಡ್ರಿ, ಮೇಲೆ ಎರಡು ಇಂಚು ದಪ್ಪದ ಗ್ರಾನೈಟ್ ಚಪ್ಪಡಿ, ಅದರ ಮೇಲೆ ತೊಟ್ಟಿ. ಬಿಗಿ ಗಾಳಿ ತುಂಬಿದ್ರ ನಡುಕ ದಾಟಿ ಬರ್ತದ, ಪೂರಾ ಸಡಿಲಾದ್ರ ಚಪ್ಪಡಿ ಟ್ಯೂಬಿನ ಅಂಚಿಗೆ ಕೂರ್ತದ. ಬೆರಳಿಂದ ತಳ್ಳಿದ್ರ ಚಪ್ಪಡಿ ಮೆಲ್ಲಕ ತೂಗಬೇಕು, ಅಷ್ಟು. ಲಾರಿ ದಾಟುವಾಗ ಬಂದ ದಾಖಲೆ ಬಿಟ್ಟುಬಿಡ್ರಿ. ಬೆಳಗಿನ ಜಾವ ಅಳೆಯಬೇಕು ಅನಿಸಿದ್ರ ಎಲ್ಲಾ ಗುಂಪನ್ನೂ ಅದೇ ಹೊತ್ತಿಗೆ ಅಳೆಯಿರಿ.

100 ಹರ್ಟ್ಜ್ ಮಾತ್ರ ಬ್ಯಾಡ. ಸ್ಯಾಕ್ಯೂಲಿನೊಳಗ ರೋಮಕೋಶಗಳು ಎದುರುಬದುರು ಮುಖ ಮಾಡಿರ್ತಾವ, ಅಲೆಯ ಒಂದು ಅರ್ಧಕ್ಕ ಒಂದು ಸಾಲು, ಇನ್ನೊಂದು ಅರ್ಧಕ್ಕ ಎದುರಿನ ಸಾಲು ಮಿಡೀತದ. ಹಂಗಾಗಿ ಉತ್ತರ ಬರೋದು ಕೊಟ್ಟ ಸದ್ದಿನ ಎರಡರಷ್ಟು ಕಂಪನಾಂಕದಾಗ. 100 ಕೊಟ್ರ ಉತ್ತರ 200ರಾಗ. ನಮ್ಮ ಕರೆಂಟಿನ ಗುಂಯ್‌ಗುಟ್ಟುವಿಕೆ 50, ಅದರ ಮಡಿಕೆಗಳು 100, 150, 200. ಮೀನಿನ ಉತ್ತರವೂ ಕರೆಂಟಿನ ಸದ್ದೂ ಒಂದೇ ಗೂಡಿಗೆ ಬೀಳ್ತಾವ. 115, 190, 380, 610, 810, 1030, 2030, 3970 ಹಿಂಗ ತಗೋರಿ. ಸದ್ದಿನ ತುಣುಕುಗಳನ್ನ ಸೆಕೆಂಡಿಗೆ 20 ಅಂತ ಕೊಡಬ್ಯಾಡ್ರಿ. 20 ಆದ್ರ ಪ್ರತಿ ಎರಡನೇ ತುಣುಕು ಕರೆಂಟಿನ ಅಲೆಯ ಅದೇ ಜಾಗಕ್ಕ ಬಂದು ಕೂರ್ತದ, ಸರಾಸರಿ ಮಾಡಿದ್ರೂ ಅಳಿಸಿ ಹೋಗಲ್ಲ. 19.3 ಹಂಗ 50ಕ್ಕ ಕೂಡಿಬರದ ಅಂಕಿ ಇಡ್ರಿ. ಮುಂಭಾಗದ ಆಂಪ್ಲಿಫೈಯರ್ ಬ್ಯಾಟರಿಯಿಂದ ನಡೀಲಿ. ಇನ್ವರ್ಟರ್ ಮೇಲೆ ಅಳೆಯಬ್ಯಾಡ್ರಿ, ಅದರ ಗದ್ದಲ ಕರೆಂಟಿಗಿಂತ ಕೆಟ್ಟದು.

ಸತ್ತ ಮೀನಿನ ಪರೀಕ್ಷೆ ಬಿಡಲೇಬೇಡ್ರಿ. ಸತ್ತ ಮೀನಿನಿಂದಲೂ ‘ಉತ್ತರ’ ಬಂದ್ರ ಅದು ಸ್ಪೀಕರಿನ ಸುರುಳಿಯಿಂದ ಸೂಜಿಗೆ ನೇರ ಹಾರಿದ ಸಂಕೇತ. ಸ್ಪೀಕರಿಗೂ ಮೀನಿಗೂ ನಡುವೆ ನೆಲತಂತಿ ಜೋಡಿಸಿದ ಲೋಹದ ಜಾಲರಿ ಇಡ್ರಿ.

ಡೆಸಿಬೆಲ್ ಬರೆಯುವಾಗ ಜೋಪಾನ. ನೀರಿನ ಡೆಸಿಬೆಲ್ಲಿಗೆ ಅಳತೆಗಲ್ಲು 1 ಮೈಕ್ರೊಪ್ಯಾಸ್ಕಲ್, ಗಾಳಿಯದಕ್ಕ 20. ಈ ಒಂದರಿಂದಲೇ 26 ಡೆಸಿಬೆಲ್ ವ್ಯತ್ಯಾಸ. ನೀರಿನ 140 ನೋಡಿ ವಿಮಾನದ ಸದ್ದಿಗೆ ಹೋಲಿಸಿ ಬರೆಯೋದು ತಪ್ಪು.

ಇನ್ನೊಂದು ಮುಖ್ಯ. ಸದ್ದು ನೀರಿನೊಳಗ ಸೆಕೆಂಡಿಗೆ ಸುಮಾರು 1500 ಮೀಟರ್ ಓಡ್ತದ. 500 ಹರ್ಟ್ಜ್ ಅಲೆಯ ಉದ್ದ 3 ಮೀಟರ್, ನಿಮ್ಮ ತೊಟ್ಟಿ 40 ಸೆಂ.ಮೀ. ಇಷ್ಟು ಸಣ್ಣ ತೊಟ್ಟಿಯೊಳಗ ಒಂದು ಬೆರಳು ಸರಿದ್ರ ಒತ್ತಡ ಬೇರೆ, ನೀರಿನ ಕಣದ ಅಲುಗಾಟ ಬೇರೆ. ಕಿವಿಯ ಕಲ್ಲು ಹಿಡಿಯೋದು ಅಲುಗಾಟವನ್ನ, ಹೈಡ್ರೋಫೋನ್ ಹೇಳೋದು ಒತ್ತಡವನ್ನ. ಆಗೋದಾದ್ರ ಸಣ್ಣ ವೇಗೋತ್ಕರ್ಷಮಾಪಕವನ್ನ ಜಲನಿರೋಧಕ ಮಾಡಿ ಮೀನಿನ ತಲೆಯ ಜಾಗದಾಗೇ ಇಟ್ಟು ಅದನ್ನೂ ಬರಕೋರಿ. ಆಗದಿದ್ರ ಮೀನಿನ ತಲೆ ಪ್ರತಿ ಸಲ ಅದೇ ಬಿಂದುವಿಗೆ ಬರೋ ಹಂಗ ಗೆರೆ ಎಳೆದ ಹಿಡಿಕೆ ಮಾಡಿಸ್ರಿ. ದೊಡ್ಡ ಮುದಿ ಮೀನು ಹಿಡಿಕೆಯೊಳಗ ಎರಡು ಮಿ.ಮೀ. ಕೆಳಗ ಕೂತರೂ ಅದಕ್ಕ ಸಿಗೋ ಸದ್ದು ಬದಲಾಗ್ತದ, ನೀವು ಅದನ್ನ ವಯಸ್ಸು ಅಂತ ಬರೀತೀರಿ.

ರೋಮಕೋಶ (ಬಳ್ಳಾರಿ)

ಅದೇ ಮೀನಿನ ಸ್ಯಾಕ್ಯೂಲನ್ನೂ ನೋಡುವುದಾದರೆ, ಅಳೆದ ದಿನವೇ ಟ್ರೈಕೇನ್ ಅರಿವಳಿಕೆ ಲೀಟರಿಗೆ 250–300 ಮಿ.ಗ್ರಾಂ. ಕೊಟ್ಟು, ಕಿವಿರು ನಿಂತ ಮೇಲೆ ಹತ್ತು ನಿಮಿಷ ಬಿಟ್ಟು ತಲೆ ಬೇರ್ಪಡಿಸಿ. ಟ್ರೈಕೇನ್ ಆಮ್ಲೀಯ. ಅಡುಗೆ ಸೋಡಾದಿಂದ ಪಿಎಚ್ 7ಕ್ಕೆ ತಾರದಿದ್ದರೆ ಮೀನು ನರಳುತ್ತದೆ.

4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್, ಪಿಎಚ್ 7.4, ಫ್ರಿಜ್‌ನಲ್ಲಿ ಒಂದು ರಾತ್ರಿ. ಬಫರ್ ಇಲ್ಲದ ಹಳೆಯ ಫಾರ್ಮಲಿನ್ ಬಳಸಿದರೆ ಕಿವಿಯ ಕಲ್ಲು ಕರಗುತ್ತದೆ, ಆಮೇಲೆ ಕಲ್ಲಿನ ಬಗ್ಗೆ ಏನೂ ಹೇಳಲಾಗದು. ತಲೆಯನ್ನು ಅಂಗಾತ ಮಲಗಿಸಿ, ಕಿವಿರು ಮತ್ತು ಅಂಗುಳು ತೆಗೆದರೆ ತಲೆಬುರುಡೆಯ ತಳದಲ್ಲಿ ನಡುಗೆರೆಯ ಎರಡೂ ಬದಿಗೆ ಸ್ಯಾಕ್ಯೂಲ್. ಜೀಬ್ರಾ ಮೀನಿನ ಸ್ಯಾಕ್ಯೂಲ್ ಕಲ್ಲು ಸೂಜಿಯ ಹಾಗೆ ತೆಳ್ಳಗಿರುತ್ತದೆ. ಅದನ್ನು ಉದ್ದಕ್ಕೆ ಎಳೆಯಿರಿ, ಮೇಲಕ್ಕೆ ಎತ್ತಬೇಡಿ. ಎತ್ತಿದರೆ ಕೆಳಗಿನ ಪೊರೆ ಗೀರುತ್ತದೆ. ಹೆಚ್ಚು ಕಾಡುವ ತಪ್ಪು ಇದು: ಮುದಿ ಮೀನಿನ ದೊಡ್ಡ ಕಲ್ಲು ತೆಗೆಯುವಾಗ ಬಿದ್ದ ಗೀರು, ಸೂಕ್ಷ್ಮದರ್ಶಕದಡಿ ನೋಡಿದರೆ ಥೇಟ್ ವಯಸ್ಸಿನ ಕೋಶನಾಶದಂತೆ ಕಾಣುತ್ತದೆ. ಗೀರಿನ ಅಂಚು ನೇರವಾಗಿ, ಹರಿದಂತೆ ಇರುತ್ತದೆ. ನಿಜವಾದ ನಾಶ ಚುಕ್ಕೆ ಚುಕ್ಕೆಯಾಗಿ ಹರಡಿರುತ್ತದೆ.

ಬಣ್ಣಕ್ಕೆ ಫ್ಯಾಲಾಯ್ಡಿನ್, ಕತ್ತಲಲ್ಲಿ ಅರ್ಧದಿಂದ ಒಂದು ತಾಸು, ಮೂರು ಸಲ ತೊಳೆತ. ಎಣಿಕೆಯ ಚೌಕ 30ಕ್ಕೆ 30 ಮೈಕ್ರೊಮೀಟರ್. ಸ್ಯಾಕ್ಯೂಲಿನ ಉದ್ದದ 5, 25, 50, 75, 95 ಶೇಕಡಾ ಸ್ಥಾನಗಳಲ್ಲಿ ಇಡಿ. ಚೌಕದೊಳಗಿನ ಸಾಂದ್ರತೆ ಕಡಿಮೆಯಾದರೆ ಕೋಶ ಸತ್ತಿವೆ ಎನ್ನಬೇಡಿ. ಮೀನು ಬೆಳೆದಂತೆ ಪೊರೆ ಹರವುತ್ತದೆ, ಕೋಶಗಳ ನಡುವೆ ಜಾಗ ಬರುತ್ತದೆ. ಪೊರೆಯ ಒಟ್ಟು ವಿಸ್ತೀರ್ಣವನ್ನೂ ಅಳೆದು ಒಟ್ಟು ಸಂಖ್ಯೆ ಲೆಕ್ಕ ಹಾಕಿ. ದುಡ್ಡಿದ್ದರೆ ಬೆಸುಗೆ ಗುರುತಿಸುವ ರಿಬೈ ಪ್ರತಿಕಾಯವನ್ನೂ ಹಾಕಿ, ಒಂದೊಂದು ಕೋಶಕ್ಕೆ ಎಷ್ಟು ಬೆಸುಗೆ ಎಂದು ಎಣಿಸಿ. ಎಣಿಸುವವರಿಗೆ ಮೀನಿನ ವಯಸ್ಸು ಗೊತ್ತಿರಬಾರದು.

ಕುಷ್ಟಗಿ_ಕೆರೆ (ಕೊಪ್ಪಳ)

ಇಷ್ಟೆಲ್ಲಾ ಮಾಡೋದಕ್ಕಿಂತ ಟಿ.ಬಿ. ಡ್ಯಾಮಿನ ರೋಹು, ಕಾಟ್ಲಾ ತಗೊಂಡ್ರ ಆಗೂದಿಲ್ಲೇನ್ರಿ? ಅವೂ ಗೆಂಡೆ ಜಾತಿ, ಎಲುಬಿನ ಸರಪಳಿ ಅವಕ್ಕೂ ಐತಿ. ದೊಡ್ಡ ಮೀನು, ಕಿವಿನೂ ದೊಡ್ಡದು. ಇನ್ನೊಂದು ಮಾತು, ನಮ್ಮ ಕಡೆ ದಾಳಿಂಬಿಗೆ ಬೋರ್ಡೋ ಹೊಡಿತಾರ, ಅದರ ಮೈಲುತುತ್ತ ಕೃಷಿಹೊಂಡಕ್ಕ ಇಳಿದ್ರ ಮೀನಿನ ಕಿವಿಗೆ ಏನಾರ ಆಗತೈತೇನು?

ಮುನಿರಾಬಾದ್_ನೀರು (ಕೊಪ್ಪಳ)

ಅಣ್ಣಾರ, ಡ್ಯಾಮಿನ ಮೀನಿಗೆ ಹುಟ್ಟಿದ ತಾರೀಕು ಇಲ್ಲ. ಹುರುಪೆಯ ಬಳೆ, ಕಿವಿಯ ಕಲ್ಲಿನ ಬಳೆ ಎಣಿಸಿ ವರ್ಷ ಹೇಳಬಹುದು, ತಿಂಗಳು ಹೇಳೋಕಾಗಲ್ಲ. ಅದು ಯಾವ ಸದ್ದು ಕೇಳಿ ಬೆಳೀತು ಅಂತ ಯಾರಿಗೂ ಗೊತ್ತಿಲ್ಲ. ಕಲ್ಲು ಅಷ್ಟೇ ನೋಡಬೇಕಂದ್ರ ಚೊಲೋ ಮೀನು. ಆದರ ಗೆಂಡೆ ಜಾತಿಯೊಳಗ ಸ್ಯಾಕ್ಯೂಲಿನ ಕಲ್ಲು ಕಡ್ಡಿಯಂಗ ಇರತೈತಿ, ಬಳೆ ನೋಡೋಕೆ ಲಜೀನಾದ ಅಗಲ ಕಲ್ಲು ತಗೀರಿ.

ಸಾಕಿದ ಮೀನಿನ ಕಲ್ಲಿನ ಬಗ್ಗೆ ಇನ್ನೊಂದು ಎಚ್ಚರ. ಸಾಕಣೆ ಸಾಲ್ಮನ್ ಮೀನಿನೊಳಗ ಸ್ಯಾಕ್ಯೂಲಿನ ಕಲ್ಲು ಅರಗೊನೈಟ್ ಬದಲು ವ್ಯಾಟರೈಟ್ ಅನ್ನೋ ಹಗುರ ಹರಳಾಗಿ ಬೆಳೆಯೋದು ಬಹಳ, ಅದರಿಂದ ಶ್ರವಣ ಕುಗ್ಗತೈತಿ ಅಂತ 2016ರೊಳಗ ತೋರಿಸ್ಯಾರ. ಬೇಗ ಬೆಳೆಸಿದಷ್ಟು ಈ ದೋಷ ಹೆಚ್ಚು. ಹಂಗಾಗಿ ಮುದಿ ಮೀನಿನ ಕಿವಿ ಮಂದ ಕಂಡ್ರ, ಅದು ಎಳೇದಿದ್ದಾಗ ತಿಂದ ತಿಂಡಿಯ ಫಲವೂ ಇರಬಹುದು. ಕಲ್ಲು ತೆಗೆದಾಗ ಬೆಳಕಿಗೆ ಹಿಡೀರಿ: ಅರಗೊನೈಟ್ ಹಾಲುಬಿಳಿ, ವ್ಯಾಟರೈಟ್ ಗಾಜಿನಂಗ ಪಾರದರ್ಶಕ. ಲಜೀನಾದ ಕಲ್ಲು ಮಾತ್ರ ಸಹಜವಾಗೇ ವ್ಯಾಟರೈಟ್, ಅದನ್ನ ದೋಷ ಅಂತ ಬರೀಬ್ಯಾಡ್ರಿ.

ಮೈಲುತುತ್ತ ಮೀನಿನ ಪಾರ್ಶ್ವರೇಖೆಯ, ಅಂದ್ರ ಮೈ ಪಕ್ಕದಾಗ ನೀರಿನ ಅಲುಗಾಟ ಹಿಡಿಯೋ ಗೆರೆಯ, ರೋಮಕೋಶ ಕೊಲ್ಲತೈತಿ. ಅವು ಮೈಮ್ಯಾಲೆ ನೀರಿಗೆ ನೇರ ತೆರೆದಿರತಾವು. ಮರಿಗಳೊಳಗ 10 ಮೈಕ್ರೊಮೋಲಾರ್ ಎರಡು ತಾಸಿಗೆ ಸಾಕು. ಒಳಗಿವಿ ಮುಚ್ಚಿದ ಜಾಗದಾಗ ಇರೋದರಿಂದ ಅದಕ್ಕ ಅಷ್ಟು ಬೇಗ ತಟ್ಟಲ್ಲ. ಪ್ರಯೋಗದ ತೊಟ್ಟಿಗೆ ಹಿತ್ತಾಳೆ ನಲ್ಲಿ, ತಾಮ್ರದ ಪೈಪು ಬ್ಯಾಡ, ಪಾಚಿಗೆ ಮೈಲುತುತ್ತ ಅಂತೂ ಬ್ಯಾಡೇ ಬ್ಯಾಡ. ಕಾಯಿಲೆಗೆ ನಿಯೋಮೈಸಿನ್, ಜೆಂಟಾಮೈಸಿನ್ ಹಾಕಿದ ಮೀನೂ ಬ್ಯಾಡ, ಆ ಔಷಧಿಗಳು ನೇರ ರೋಮಕೋಶಕ್ಕ ವಿಷ. ಹಳೇ ಮೀನು ಬೇರೆ ಕಡೆಯಿಂದ ತರೋದಾದ್ರ ಔಷಧಿ ದಾಖಲೆ ಕೇಳ್ರಿ.

ಸಿಂಧನೂರು_ಅಂಕಿ (ರಾಯಚೂರು)

ಲೆಕ್ಕದ ಕಡೆಯಿಂದ ನಾಲ್ಕು ಮಾತು.

ಒಂದು ಮೀನಿನ ಎರಡು ಕಿವಿ ಎರಡು ಮಾದರಿ ಅಲ್ಲ. ಹತ್ತು ಮೀನಿನ ಇಪ್ಪತ್ತು ಸ್ಯಾಕ್ಯೂಲ್ ನೋಡಿದರೂ ಸಂಖ್ಯೆ ಹತ್ತೇ. ಒಂದೊಂದು ವಯಸ್ಸಿಗೆ ಒಂದೇ ತೊಟ್ಟಿ ಇದ್ದರೆ ತೊಟ್ಟಿಯ ಗುಣವೂ ವಯಸ್ಸಿನ ಗುಣವೂ ಬೆರೆತುಹೋಗುತ್ತವೆ, ಯಾವ ಸೂತ್ರ ಹಾಕಿದರೂ ಆಮೇಲೆ ಬೇರ್ಪಡುವುದಿಲ್ಲ. ವಯಸ್ಸಿಗೆ ಕನಿಷ್ಠ ಮೂರು ತೊಟ್ಟಿ ಇಡಿ.

ವಯಸ್ಸು ಮತ್ತು ಗಾತ್ರ ಜೊತೆಜೊತೆಗೇ ಏರುತ್ತವೆ. ಇದನ್ನು ಮುರಿಯಲು, ಅದೇ ದಿನ ಹುಟ್ಟಿದ ಮರಿಗಳಲ್ಲಿ ಕೆಲವನ್ನು ವಿರಳವಾಗಿ, ಕೆಲವನ್ನು ದಟ್ಟವಾಗಿ ಬೆಳೆಸಿ. ದಟ್ಟಣೆಯಲ್ಲಿ ಮೀನು ಗಿಡ್ಡವಾಗಿ ಉಳಿಯುತ್ತದೆ. ಆಗ ಒಂದೇ ವಯಸ್ಸಿನ ದೊಡ್ಡ ಮತ್ತು ಸಣ್ಣ ಮೀನು ಸಿಗುತ್ತವೆ. ಉದ್ದವನ್ನು ಮೂತಿಯಿಂದ ಬಾಲದ ಬುಡದವರೆಗೆ ಅಳೆಯಿರಿ, ಬಾಲದ ರೆಕ್ಕೆ ಹರಿದಿರಬಹುದು.

ಬದುಕಿ ಉಳಿದವುಗಳ ಪಕ್ಷಪಾತವೂ ಇದೆ. ಜೀಬ್ರಾ ಮೀನಿನ ಸರಾಸರಿ ಆಯುಷ್ಯ ಮೂರರಿಂದ ಮೂರೂವರೆ ವರ್ಷ, ಅತಿ ಹೆಚ್ಚೆಂದರೆ ಐದೂವರೆ. 30 ತಿಂಗಳು ಮುಟ್ಟಿದ್ದು ಗಟ್ಟಿ ಮೀನು. ತಳಿ ಎಲ್ಲ ಗುಂಪಿಗೂ ಒಂದೇ ಇರಲಿ, ತಳಿಯಿಂದ ತಳಿಗೆ ಶ್ರವಣ ಬೇರೆ ಇರುವುದನ್ನು 2016ರಲ್ಲಿ ಅಳೆದಿದ್ದಾರೆ. ಗಂಡು ಹೆಣ್ಣು ಸಮ ಇರಲಿ, ಮೊಟ್ಟೆ ತುಂಬಿದ ಹೆಣ್ಣನ್ನು ಅಳೆಯುವ ಮುನ್ನ ಮೊಟ್ಟೆ ಇಡಿಸಿ.

ಸತ್ತ ಮೇಲೆ ಮಿದುಳು ಮತ್ತು ಬೆನ್ನುಹುರಿಯನ್ನು ಸ್ಯುಡೋಲೋಮಾ ಪರಾವಲಂಬಿಗಾಗಿ ಪರೀಕ್ಷಿಸಿ. ಹಳೆಯ ಮೀನುಗಳಲ್ಲಿ ಅದು ನರಮಂಡಲಕ್ಕೆ ಸೇರಿಕೊಂಡಿರುತ್ತದೆ, ಬೆಚ್ಚುವ ರೀತಿಯನ್ನೇ ಬದಲಿಸುತ್ತದೆ.

ಶಬ್ದಮಾಪಕ (ರಾಯಚೂರು)

ಯಾರಾದ್ರೂ ಕಿಲ್ಲಿಫಿಶ್ ತಗೋ ಅಂತ ಹೇಳ್ತಾರ, ಮೊದಲೇ ಹೇಳಿಬಿಡ್ತೀನಿ. ಆಫ್ರಿಕಾದ ಆ ಮೀನು ನಾಲ್ಕರಿಂದ ಆರು ತಿಂಗಳಿಗೆ ಮುದಿ ಆಗ್ತದ, ಎಂ.ಎಸ್ಸಿ. ಅವಧಿಗೆ ಕೂಡ್ತದ, ಖರೆ. ಆದರ ಅದಕ್ಕ ವೇಬರ್ ಎಲುಬು ಇಲ್ಲ, ಎತ್ತರದ ಕಂಪನಾಂಕ ಕೇಳೋ ದಾರಿನೇ ಬೇರೆ. ಕೋಶ, ಬೆಸುಗೆ ನೋಡೋಕೆ ತಗೋರಿ. ಜೀಬ್ರಾ ಮೀನಿನ ಶ್ರವಣದ ಅಂಕಿಗಳ ಪಕ್ಕ ಅದರ ಅಂಕಿ ಇಡಬ್ಯಾಡ್ರಿ.

ಹಗರಿ_ದಂಡೆ (ಬಳ್ಳಾರಿ)

ಎಲ್ಲರಿಗೂ ತುಂಬಾ ಧನ್ಯವಾದ. ಯೋಜನೆ ಬದಲಿಸಿ ಬರೆದಿದ್ದೇನೆ, ತಪ್ಪಿದ್ದರೆ ಹೇಳಿ.

ಒಂದು ವರ್ಷದಲ್ಲಿ 30 ತಿಂಗಳ ಮೀನು ಬೆಳೆಸಲಾಗದು. ಮೊಟ್ಟೆಗೆ ಬಳಸಿ ಬಿಟ್ಟ ಹಳೆಯ ಮೀನುಗಳನ್ನು ಹುಟ್ಟಿದ ತಾರೀಕು ಮತ್ತು ಔಷಧಿ ದಾಖಲೆಯೊಂದಿಗೆ ಕೊಡುವ ಪ್ರಯೋಗಾಲಯವನ್ನು ಬೆಂಗಳೂರು ಅಥವಾ ಹೈದರಾಬಾದಿನಲ್ಲಿ ಕೇಳುತ್ತೇನೆ. ಮೂರೂ ವಯಸ್ಸು ಅಲ್ಲಿಂದಲೇ, ಒಂದೇ ತಳಿ. ವಯಸ್ಸಿಗೆ 12 ಮೀನು, ಮೂರು ತೊಟ್ಟಿ, ತೊಟ್ಟಿಗೆ ನಾಲ್ಕು. ಬಂದ ಮೇಲೆ ನಾಲ್ಕು ವಾರ ಒಂದೇ ಕೋಣೆ. ಅದಕ್ಕೂ ಮೊದಲು ಖಾಲಿ ತೊಟ್ಟಿಗಳಲ್ಲಿ ಹೈಡ್ರೋಫೋನ್ ಇಟ್ಟು ಪಂಪಿನ ಸದ್ದು ಬರೆದುಕೊಳ್ಳುತ್ತೇನೆ. ದಿನಕ್ಕೆ ಮೂರು ಮೀನು, ಗುಂಪಿಗೊಂದು, ಕ್ರಮ ಚೀಟಿ ಎತ್ತಿ. ಎ.ಇ.ಪಿ. ಎಂಟು ಕಂಪನಾಂಕ, 115ರಿಂದ 3970. ಅದೇ ದಿನ ಸ್ಯಾಕ್ಯೂಲ್ ತೆಗೆದು ಕಲ್ಲಿನ ಬಣ್ಣ, ಕೋಶದ ಒಟ್ಟು ಸಂಖ್ಯೆ. ಪ್ರಾಣಿ ನೈತಿಕ ಸಮಿತಿಗೆ ಅರ್ಜಿ ಈ ವಾರವೇ ಹಾಕುತ್ತೇನೆ. ಬೆಚ್ಚುವ ಪರೀಕ್ಷೆ ಕೈಬಿಟ್ಟಿದ್ದೇನೆ.

ಮುನಿರಾಬಾದ್_ನೀರು (ಕೊಪ್ಪಳ)

ಮೀನು ತರೋದು ರಾತ್ರಿ ಪಯಣದಾಗ ಇರಲಿ. ಚೀಲದಾಗ ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ, ಥರ್ಮಾಕೋಲ್ ಪೆಟ್ಟಿಗೆ. ಹಿಂದಿನ ದಿನ ತಿಂಡಿ ನಿಲ್ಲಿಸೋಕೆ ಹೇಳ್ರಿ, ಇಲ್ಲಂದ್ರ ಹೇಲಿನಿಂದ ಅಮೋನಿಯಾ ಏರತೈತಿ. ಪೆಟ್ಟಿಗೆ ಬಸ್ಸಿನ ಇಂಜಿನ್ ಹತ್ತಿರ ಬ್ಯಾಡ.

ರೋಮಕೋಶ (ಬಳ್ಳಾರಿ)

ಒಂದು ಸೇರಿಸಿ. ಪ್ರತಿ ಗುಂಪಿಗೆ ಹೆಚ್ಚುವರಿ ಎರಡೆರಡು ಮೀನುಗಳಂತೆ ಆರನ್ನು ಎ.ಇ.ಪಿ. ಮಾಡದೆ ನೇರ ಸ್ಯಾಕ್ಯೂಲ್ ಎಣಿಕೆಗೆ ಇಡಿ. ಮಾಪನದ ಸದ್ದೇ ರೋಮ ಉದುರಿಸಿದೆಯೋ ಎಂಬ ಪ್ರಶ್ನೆಯನ್ನು ಪರೀಕ್ಷಕರು ಖಂಡಿತ ಕೇಳುತ್ತಾರೆ, ಆಗ ತೋರಿಸಲು ಈ ಆರು ಬೇಕು. ಒಟ್ಟು 42 ಮೀನು ಎಂದು ಅರ್ಜಿಯಲ್ಲಿ ಈಗಲೇ ಬರೆಯಿರಿ, ಆಮೇಲೆ ಸಂಖ್ಯೆ ಹೆಚ್ಚಿಸಬೇಕಾದರೆ ಸಮಿತಿಯ ಮುಂದಿನ ಸಭೆಯವರೆಗೆ ಮೀನು ಮತ್ತಷ್ಟು ಮುದಿಯಾಗಿರುತ್ತವೆ.